ಹಿರಿಯ ಹೆಣ್ಣಿನ ಹೆಸರಿಗೆ

2061ರ ಮಾರ್ಚ್ 9, ಬೆಳಿಗ್ಗೆ 6 ಗಂಟೆ 40 ನಿಮಿಷ. ಕೊಪ್ಪಳದ ಮನೆಯೊಂದರ ಶೌಚಾಲಯದಲ್ಲಿ, ಬೇಸಿನ್ನಿನೊಳಗೆ ಕೂರಿಸಿದ್ದ, ಮೂತ್ರ ಪರೀಕ್ಷಿಸುವ ಉಗುರಗಲದ ಪಟಲ ತನ್ನ ಎಣಿಕೆ ಮುಗಿಸಿತು. ಅದರ ಮೈಮೇಲೆ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಮಾತ್ರ ಹಿಡಿಯುವ ಅಣುಗಳಿದ್ದವು. ಹಿಡಿದ ಪ್ರತಿಯೊಂದಕ್ಕೂ ವಿದ್ಯುತ್ತಿನ ಸಣ್ಣ ಮಿಡಿತ. ಹಿಂದೆ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಎರಡು ದಿನ ಬೆಳೆಸಿ ನೋಡುತ್ತಿದ್ದುದನ್ನು ಅದು ತೊಂಬತ್ತು ಸೆಕೆಂಡಿನಲ್ಲಿ ತಿಳಿಸುತ್ತಿತ್ತು. ಆ ಮನೆಯ ಸೊಸೆ ನೇತ್ರಾ ಏಳು ತಿಂಗಳ ಗರ್ಭಿಣಿ. ಅವಳಿಗೆ ಉರಿಯಿರಲಿಲ್ಲ, ನೋವಿರಲಿಲ್ಲ. ಮೂತ್ರದಲ್ಲಿ ಮಾತ್ರ ಬ್ಯಾಕ್ಟೀರಿಯಾ ತುಂಬಿತ್ತು. ಪಟಲ ಇದ್ದದ್ದೇ ಅಂಥವರಿಗಾಗಿ.

ಫಲಿತಾಂಶ ಅತ್ತೆ ಗಂಗವ್ವನ ಫೋನಿಗೆ ಹೋಯಿತು.

ಮೂರು ವಾರ ಕಳೆದು, ಪಟಲವನ್ನು ರೂಪಿಸಿದ ಡಾ. ಸುನಂದಾ ಕಮತರ ಅವರು ಆಸ್ಪತ್ರೆಯಲ್ಲಿ ನೇತ್ರಾಳ ಮಂಚದ ಪಕ್ಕ ನಿಂತಿದ್ದರು. ತವರಿಗೆ ಹೋದ ಮೇಲೆ ನೇತ್ರಾಳಿಗೆ ಚಳಿಜ್ವರ ಬಂದಿತ್ತು. ಸೋಂಕು ಮೂತ್ರಪಿಂಡಕ್ಕೆ ಏರಿ, ಅಕಾಲದಲ್ಲಿ ಹೆರಿಗೆಯಾಗಿತ್ತು. ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು; ಉಳಿಯುವುದೋ ಇಲ್ಲವೋ ಯಾರೂ ಹೇಳುತ್ತಿರಲಿಲ್ಲ.

“ಐದು ದಿನದ ಮಾತ್ರೆ ಅಷ್ಟೇ,” ಎಂದರು ಸುನಂದಾ, ಗಂಗವ್ವನ ಕಡೆ ತಿರುಗಿ. “ಯಾಕೆ ಕೊಡಿಸಲಿಲ್ಲ?”

“ಆಕಿಗೆ ಏನೂ ಆಗಿದ್ದಿಲ್ಲರಿ. ಉಣ್ತಿದ್ಲು, ನಗ್ತಿದ್ಲು. ನಾಕ ದಿನಕ್ಕ ಕುಬಸ ಇತ್ತು. ಬಸರಿಗೆ ಹಸಿರು ಸೀರಿ ಉಡಿಸೋ ಹೊತ್ನ್ಯಾಗ ರೋಗದ ಹೆಸರು ತಗೀಬಾರ್ದು. ಆಮ್ಯಾಗ ಹೇಳಿದ್ರಾತು ಅಂದ್ಕೊಂಡೆ. ಆಮ್ಯಾಗ ಬೀಗರ ಮುಂದ ಬಾಯಿ ಬರಲಿಲ್ಲ.”

“ಬೀಗರಿಗೆ ಹೆದರಿ ಒಂದು ಜೀವ—”

“ಅತ್ತಿ ಮ್ಯಾಲಿನ ಸಿಟ್ಟು ನಂದೈತಿ, ನಾ ನೋಡ್ಕೋತೀನಿ,” ನೇತ್ರಾ ನಡುವೆ ಬಂದಳು. “ನೀವು ಹೇಳ್ರಿ ಮೇಡಂ. ಸುದ್ದಿ ಆಕಿಗೆ ಹೋಗಬೇಕಂತ ಮಾಡಿದವ್ರು ಯಾರು?”

“ನಾನೇ. ಗಂಡಸರ ಕೈಗೆ ಸಿಗಬಾರದು ಅಂತ, ರೇಷನ್ ಕಾರ್ಡಿನ ಹಾಗೆ ಮನೆಯ ಹಿರಿಯ ಹೆಣ್ಣಿನ ಹೆಸರಿಗೆ ಮಾಡಿಸಿದೆ. ಹೆಣ್ಣಿಗೆ ಅಧಿಕಾರ ಇರಲಿ ಅಂತ.”

“ನಾ ಹೆಣ್ಣಲ್ಲೇನ್ರಿ? ಉಚ್ಚಿ ನಂದು, ಹೊಟ್ಟಿ ನಂದು. ಪಾಯಖಾನಿಗೆ ತಿಳಿದದ್ದು ನನಗ್ಯಾಕ ತಿಳಿಬಾರದಿತ್ತು? ಸೊಸಿಗೆ ಫೋನ್ ಇರೂದಿಲ್ಲ ಅಂದ್ಕೊಂಡ್ರೇನು?”

ಸುನಂದಾ ಹೊರಗೆ ಬಂದು, ಪಟಲ ಯೋಜನೆಯ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದರು. ಬದಲಾಯಿಸಬೇಕಾದದ್ದು ಪ್ರೋಗ್ರಾಮಿನ ಒಂದೇ ಸಾಲು: ಫಲಿತಾಂಶ ಯಾರ ಫೋನಿಗೆ ಹೋಗಬೇಕು ಎಂಬುದು. “ನೇರವಾಗಿ ಹೇಳಿದರೆ ಬಸುರಿ ಹೆದರುತ್ತಾಳೆ, ಡಾಕ್ಟ್ರೇ. ಮನೆಯವರು ನಿಧಾನವಾಗಿ ತಿಳಿಸಲಿ,” ಎಂದರು ಅಧ್ಯಕ್ಷರು.

“ಇಲ್ಲಿ ಒಬ್ಬಳು ಮಲಗಿದ್ದಾಳೆ. ಬಂದು ಅವಳಿಗೇ ಹೇಳಿ,” ಎಂದು ಸುನಂದಾ ಫೋನ್ ಇಟ್ಟರು. ಗಾಜಿನ ತಟ್ಟೆಯ ಕಾಲದಲ್ಲೂ ಎಷ್ಟೋ ವರದಿಗಳು ಗಂಡನ ಜೇಬಿನಲ್ಲಿ, ಅತ್ತೆಯ ಸಂಚಿಯಲ್ಲಿ ಮಡಿಸಿಕೊಂಡು ಮನೆಗೆ ಹೋಗುತ್ತಿದ್ದವು. ಅವರು ಸಮಿತಿಯ ಒಪ್ಪಿಗೆಗೆ ಕಾಯದೆ, ಫಲಿತಾಂಶ ಬಸುರಿಯ ಫೋನಿಗೇ ಹೋಗುವಂತೆ ಆ ಸಾಲನ್ನು ತಿದ್ದಿದರು.

ಒಳಗೆ ನರ್ಸ್ ಬಂದಿದ್ದಳು. ರೂಢಿಯಂತೆ ಗಂಗವ್ವನ ಕಡೆ ಮುಖ ಮಾಡಿ, “ಅಜ್ಜಿ, ಕೂಸು—” ಎಂದು ಶುರು ಮಾಡಿದಳು.

“ಈ ಕಡೆ,” ಎಂದಳು ನೇತ್ರಾ. “ನನಗ ಹೇಳ್ರಿ.”

ನರ್ಸ್ ತಿರುಗಿದಳು. ಕೂಸು ತಾನಾಗಿ ಉಸಿರಾಡುತ್ತಿತ್ತು. ತೂಕ 1,380 ಗ್ರಾಂ.