ಸವೆಯದ ಜೋಗುಳ

"ಆ ಕ್ಯಾಸೆಟ್ಟು ಒಂದನ್ನ ಮುಟ್ಟಬೇಡಿ ಅಳಿಯಂದ್ರೆ. ಮನೇಲಿ ಉಳಿದಿದ್ದೆಲ್ಲ ನಿಮ್ಮದೇ."

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದಳು, ಒಳಗೆ ಬರಲಿಲ್ಲ. ಟೇಪ್ ಡೆಕ್ಕಿನಲ್ಲಿ ಟೇಪು ಉಜ್ಜಿಕೊಂಡು ಓಡುವ ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸುತ್ತಿದ್ದ ಅಳಿಯ ಕತ್ತೆತ್ತಲೂ ಇಲ್ಲ.

"ಯಾಕತ್ತೆ, ಕಚ್ಚುತ್ತಾ?"

ಕೆಲಸಕ್ಕಿದ್ದ ಅಂಗಡಿ ಮುಚ್ಚಿಹೋದ ಮೇಲೆ ಹೆಂಡತಿ, ಮಗಳನ್ನು ಕಟ್ಟಿಕೊಂಡು ಅವನು ಈ ಮನೆಗೆ ಬಂದಿದ್ದ. ಬೀದಿಯ ಕಡೆಯ ಕೋಣೆಯಲ್ಲಿ ಮೇಜು ಹಾಕಿ ಹೊಸ ಕಸುಬು ಹೂಡಿದ್ದ. ಜನ ತಂದುಕೊಡುವ ಹಳೆಯ ಕ್ಯಾಸೆಟ್ಟುಗಳ ಹಾಡನ್ನು ಸೀಡಿಗೆ ಇಳಿಸಿಕೊಡುವುದು. ಎಡಕ್ಕೆ ಟೇಪ್ ಡೆಕ್ಕು, ಬಲಕ್ಕೆ ಸೀಡಿ ರೆಕಾರ್ಡರು. ಕಪ್ಪಗಿನ, ಭಾರದ ಯಂತ್ರ. ಮುಂದೆ ನೀಲಿ ಅಂಕಿಗಳು ಮಿನುಗುವ ಗಾಜು. ಅವಸರಕ್ಕೆ ಬಗ್ಗುವ ಕೆಲಸವಲ್ಲ ಅದು. ಹಾಡು ಎಷ್ಟು ಹೊತ್ತು ಹಾಡುತ್ತದೋ ಅಷ್ಟು ಹೊತ್ತೂ ಹೆಡ್‌ಫೋನು ಹಾಕಿಕೊಂಡು ಕೂತಿರಬೇಕು. ಬೂಷ್ಟು ಹಿಡಿದ ಟೇಪಿನೊಳಗಿಂದ ಸತ್ತವರ ದನಿ ಎದ್ದು ಬಂದಾಗ ಅವನಿಗೆ ಮುಳುಗುತ್ತಿದ್ದವರ ಜುಟ್ಟು ಹಿಡಿದೆತ್ತಿದಷ್ಟು ಹೆಮ್ಮೆ.

ಅತ್ತೆಯ ಕ್ಯಾಸೆಟ್ಟಿನ ಮೇಲೆ ಅವನ ಕಣ್ಣು ಬಿದ್ದದ್ದೂ ಅದಕ್ಕೇ. ದಿನಾ ಮಧ್ಯಾಹ್ನ ಅವಳು ಒಳಕೋಣೆಯ ಬಾಗಿಲು ಹಾಕಿಕೊಂಡು, ಹಳೆಯ ಟೇಪ್ ರೆಕಾರ್ಡರಿನ ದನಿಯನ್ನು ಪೂರ್ತಿ ಇಳಿಸಿ, ಅದನ್ನು ಓಡಿಸುತ್ತಿದ್ದಳು. ಮುಗಿದರೆ ತಿರುಗಿ ಸುತ್ತುವುದು, ಮತ್ತೆ ಓಡಿಸುವುದು. ಕಿವುಡರ ಮನೆಯ ಸಂಗೀತ ಕಚೇರಿ ಎಂದು ಅವನು ಹೆಂಡತಿಯ ಮುಂದೆ ಆಡಿಕೊಳ್ಳುತ್ತಿದ್ದ.

"ಅದರೊಳಗೆ ನನ್ನ ವಾರಗಿತ್ತಿ ಇದಾಳೆ," ಎಂದಳು ಅತ್ತೆ.

ಆಮೇಲೆ ತಡೆತಡೆದು ಹೇಳಿದಳು. ಅವಳ ಭಾವನ ಹೆಂಡತಿ ಇದೇ ಮನೆಯಲ್ಲಿ ಬಾಳಿದವಳು. ಹಾಡಿದರೆ ಒದೆಯುವ ಹಸುವೂ ಕಾಲು ನೆಲಕ್ಕೂರಿ ನಿಲ್ಲುತ್ತಿತ್ತಂತೆ. ಒಂದು ದಿನ ಎಳೆಗೂಸನ್ನು ತೊಟ್ಟಿಲಲ್ಲಿ ಬಿಟ್ಟು, "ನೋಡ್ಕೋ ತಂಗಿ" ಎಂದು ಹೊಲಕ್ಕೆ ಹೋಗಿದ್ದಳು. ಕೂಸಿನ ಅಳು ಕೇಳಿ ಕೇಳಿ ಅತ್ತೆಗೆ ತಲೆ ಚಿಟ್ಟು ಹಿಡಿದಿತ್ತು. ಟೇಪ್ ರೆಕಾರ್ಡರಿನ ದನಿ ಏರಿಸಿ ಹಾಡು ಕೇಳುತ್ತ ಕೂತಳು. ಹಾಡು ಮುಗಿದಾಗ ಅಳುವೂ ನಿಂತಿತ್ತು. ಗಂಟಲಿಗೆ ಹಾಲು ಸಿಕ್ಕಿ ಕೂಸು ನೀಲಿಗಟ್ಟಿತ್ತು.

ವಾರಗಿತ್ತಿ ಅಳಲಿಲ್ಲ. ಕೂಸಿನ ತಲೆಗೂದಲು ಕತ್ತರಿಸಿ, ಎದೆಹಾಲಿನಲ್ಲಿ ದೀಪದ ಮಸಿ ಕಲೆಸಿ, ಎರಡನ್ನೂ ಒಂದು ಕ್ಯಾಸೆಟ್ಟಿನ ಮೈಗೆ ಮೆತ್ತಿದಳು. ಅದೇ ಟೇಪ್ ರೆಕಾರ್ಡರಿನ ಮುಂದೆ ಕೂತು, ಹೆಣವನ್ನು ತೊಡೆಯ ಮೇಲಿಟ್ಟುಕೊಂಡು ಜೋಗುಳ ಹಾಡಿ ತುಂಬಿಸಿದಳು. ಆಮೇಲೆ ಕ್ಯಾಸೆಟ್ಟನ್ನು ಅತ್ತೆಯ ಕೈಗಿಟ್ಟಳು. "ನನ್ನ ಕೂಸಿನ ದನಿ ನಿನಗೆ ಬೇಡವಾಯ್ತು. ಈ ಹಾಡಲ್ಲಿ ನನ್ನ ದನಿ ಇರೋ ತನಕ ನಿನ್ನ ಕರುಳಲ್ಲಿ ಇನ್ನು ಹುಟ್ಟೋ ಯಾವ ಕೂಸೂ ಮಾತಾಡಲ್ಲ. ಇದನ್ನ ಸುಟ್ಟೆಯೋ, ಮುರಿದೆಯೋ, ಅಳಿಸಿದೆಯೋ, ಆ ಕೂಸೇ ಉಳಿಯಲ್ಲ." ಮರುದಿನ ಅವಳ ಹೆಣ ಕೆರೆಯಲ್ಲಿ ತೇಲಿತು.

"ನಿಮ್ಮ ಹೆಂಡತಿ ಅಷ್ಟೊತ್ತಿಗೆ ಮಾತು ಕಲಿತಿದ್ಲು, ಬಚಾವಾದ್ಲು. ಆಮೇಲೆ ಹುಟ್ಟಿದ ನನ್ನ ಮಗ ಮೀಸೆ ಮೂಡೋ ತನಕ ಬದುಕಿದ. ಒಂದು ಸಲ ಅಮ್ಮ ಅನ್ನಲಿಲ್ಲ. ಈಗ ನಿಮ್ಮ ಪುಟ್ಟಿ." ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಓಡಿಸಿದ್ರೆ ಟೇಪು ಸವೆಯುತ್ತೆ ಅನ್ನೋದು ಅವಳಿಗೆ ಗೊತ್ತಿರಲಿಲ್ಲ. ನನಗೂ ಹೊಳೆದಿದ್ದು ತಡವಾಗಿ. ಸವೆಸ್ತಾ ಇದೀನಿ. ಮೊನ್ನೆ ಪುಟ್ಟಿ 'ಮ್ಮ' ಅಂದ್ಲು, ಕೇಳಿದ್ರಲ್ಲ?"

"ಕೆಲವು ಮಕ್ಕಳಿಗೆ ಮಾತು ನಿಧಾನ ಅಂತ ಡಾಕ್ಟರೇ ಹೇಳಿದಾರೆ. ನಿಮ್ಮ ವಾರಗಿತ್ತಿಗೆ ಸತ್ತ ಮೇಲೂ ನಮ್ಮನೇದೇ ಕೆಲಸವಾ?"

ಸಂಜೆ ಅತ್ತೆ ಹಾಲಿನ ಕ್ಯಾನು ಎತ್ತಿಕೊಂಡು ಡೈರಿಯ ಕಡೆ ನಡೆದಳು.

ಅಳಿಯ ಒಳಕೋಣೆಯಿಂದ ಆ ಕ್ಯಾಸೆಟ್ಟು ತಂದ. ಲೇಬಲ್ಲಿನ ಕೆಳಗೆ ಕಪ್ಪು ಗಸಿ, ಅದರಲ್ಲಿ ಹೂತ ಒಂದೆರಡು ನವಿರು ಕೂದಲು. ಹುಳಿತ ಹಾಲಿನ ವಾಸನೆ. ಮೂಗು ಮುರಿದ. ಹಸುವನ್ನೂ ನಿಲ್ಲಿಸುತ್ತಿದ್ದ ಕಂಠವನ್ನು ಮುದುಕಿಯೊಬ್ಬಳು ಉಜ್ಜಿ ಉಜ್ಜಿ ಕೊಲ್ಲುತ್ತಿದ್ದಾಳಲ್ಲ ಎಂದು ಅವನಿಗೆ ನಿಜಕ್ಕೂ ಹೊಟ್ಟೆ ಉರಿಯಿತು. ಡೆಕ್ಕಿಗೆ ಹಾಕಿದ. ರೆಕಾರ್ಡರಿನ ಟ್ರೇಯಲ್ಲಿ ಖಾಲಿ ಸೀಡಿ ಇಟ್ಟು ತಳ್ಳಿದ. ಗುಂಡಿ ಒತ್ತಿದ.

ಮೊದಲು ಬರೀ ಸುಯ್‌ಗುಟ್ಟುವಿಕೆ, ಒಣಹುಲ್ಲಿನ ಮೇಲೆ ಗಾಳಿ ಆಡಿದಂತೆ. ಅದರಡಿಯಲ್ಲಿ ಎಲ್ಲೋ ಒಂದು ಎಳೆ ದನಿ. ರೆಕಾರ್ಡಿಂಗ್ ಮಟ್ಟ ಏರಿಸಲೆಂದು ತಿರುಪಿಗೆ ಕೈ ಇಡುವಷ್ಟರಲ್ಲಿ ದನಿ ತಾನೇ ಏರಿತು. ಹತ್ತಿರ ಬಂತು. ಕಿವಿಯ ಪಕ್ಕದಲ್ಲೇ ಕೂತು ಹಾಡಿದಂತಾಯಿತು; ಪ್ರತಿ ಸಾಲಿನ ನಡುವೆ ಅವಳು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಮಟ್ಟ ತೋರಿಸುವ ಗೆರೆಗಳು ಕೆಂಪಿಗೇರಿದವು. ತಿರುಪು ಪೂರ್ತಿ ಇಳಿಸಿದ. ದನಿ ಇಳಿಯಲಿಲ್ಲ. ನಿಲ್ಲಿಸುವ ಗುಂಡಿಯತ್ತ ಕೈ ಚಾಚಿದ. ಆದರೂ ಕಸುಬುದಾರನ ಆಸೆ ಕೈ ಕಟ್ಟಿಹಾಕಿತು. ಹಾಡು ಮುಗಿಯಿತು. ಟೇಪು ಟಕ್ಕೆಂದು ನಿಂತಿತು.

ಇನ್ನು ಉಳಿದದ್ದು ಫೈನಲೈಸ್ ಮಾಡುವುದು. ಅಲ್ಲಿಯವರೆಗೆ ಸೀಡಿಯ ಬಾಯಿ ತೆರೆದೇ ಇರುತ್ತದೆ. ಆ ಗುಂಡಿ ಒತ್ತಿದರೆ ಮುಗಿಯಿತು, ಮೊಹರು ಬಿದ್ದಂತೆ. ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಒತ್ತಿದ. ನೀಲಿ ಅಂಕಿಗಳು ಹಿಂದುಹಿಂದಕ್ಕೆ ಎಣಿಸತೊಡಗಿದವು.

"ಅಪ್ಪ."

ಹೆಡ್‌ಫೋನು ಕಿತ್ತೆಸೆದು ತಿರುಗಿದ. ಬಾಗಿಲಲ್ಲಿ ಪುಟ್ಟಿ.

"ಅಪ್ಪ, ಅಜ್ಜಿ ಬಂತು. ನಂಗೆ ಹಾಲು. ಅಮ್ಮಾ, ಬಾ!"

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಹೆಂಡತಿ ಓಡಿಬಂದು ಮಗಳನ್ನು ಬಾಚಿಕೊಂಡಳು. "ಇನ್ನೊಂದ್ಸಲ ಹೇಳು ಚಿನ್ನ! ರೀ, ಕೇಳಿದ್ರಾ?" ಪುಟ್ಟಿ ಕಟ್ಟೆ ಒಡೆದಂತೆ ಮಾತಾಡಿದಳು. ಇಷ್ಟು ದಿನ ನೋಡಿಟ್ಟುಕೊಂಡದ್ದನ್ನೆಲ್ಲ ಹೆಸರಿಟ್ಟು ಕರೆದಳು. ಬೆಕ್ಕು, ಕೊಡೆ, ಕಿಟಕಿ, ಅಪ್ಪನ ಮೀಸೆ.

ಅತ್ತೆ ಕ್ಯಾನನ್ನು ಅಂಗಳದಲ್ಲೇ ಬಿಟ್ಟು ಬಂದಳು. ಮೊದಲು ನೋಡಿದ್ದು ಮಗುವನ್ನಲ್ಲ, ಡೆಕ್ಕಿನಲ್ಲಿದ್ದ ಕ್ಯಾಸೆಟ್ಟನ್ನು.

"ಹಾಕಿ. ಹಾಕಿ ನೋಡೋಣ."

ಅವನು ಟೇಪು ಹಿಂದಕ್ಕೆ ಸುತ್ತಿ ಸ್ಪೀಕರಿಗೆ ಹಾಕಿದ. ಬರೀ ಸುಯ್‌ಗುಟ್ಟುವಿಕೆ. ಮುಂದಕ್ಕೆ ಓಡಿಸಿದ. ಅಷ್ಟೇ. ಒಂದಕ್ಷರವಿಲ್ಲ.

"ಸವೀತು!" ಅತ್ತೆ ಅಲ್ಲೇ ನೆಲಕ್ಕೆ ಕುಸಿದು ಕೂತಳು. "ಹೋದ್ಲು. ಹೋದ್ಲು ಕಣೇ ಮಗಳೇ. ಕೊನೇ ಸುತ್ತು ನಿಮ್ಮ ಕೈಲಿ ಆಗಬೇಕಿತ್ತೇನೋ ಅಳಿಯಂದ್ರೆ." ನಗುತ್ತಲೇ ಕಣ್ಣೊರೆಸಿಕೊಂಡಳು. ಆಗ ನೀಲಿ ಬೆಳಕು ಕಂಡಿತು. "ಅದೇನು ಮಿಣುಕ್ತಿರೋದು?"

ಅಳಿಯ ರೆಕಾರ್ಡರಿನ ಮೇಲೆ ಕೈಯಿಟ್ಟ.

"ಅದು... ಆ ಹಾಡು. ಸೀಡಿಗೆ ಇಳಿಸಿದೀನಿ."

"ದನಿ ಇದೆಯಾ ಅದರಲ್ಲಿ?"

ಅವನು ಹೌದೆಂದು ತಲೆಯಾಡಿಸಿದ.

"ನಿಲ್ಸಿ!"

ನಿಲ್ಲಿಸುವ ಗುಂಡಿ ಒತ್ತಿದ. ಎಣಿಕೆ ನಿಲ್ಲಲಿಲ್ಲ. ಟ್ರೇ ತೆರೆಯುವ ಗುಂಡಿ. ಅದೂ ಇಲ್ಲ. ಶುರುವಾದ ಮೇಲೆ ಯಂತ್ರ ಯಾರ ಮಾತೂ ಕೇಳುವುದಿಲ್ಲವೆಂದು ಅವನಿಗೇ ಗೊತ್ತಿತ್ತು. ಗೋಡೆಯಿಂದ ಪ್ಲಗ್ಗು ಕಿತ್ತ. ಡೆಕ್ಕು ಸತ್ತಿತು. ಮೇಜಿನ ದೀಪ ಆರಿತು. ರೆಕಾರ್ಡರಿನ ನೀಲಿ ಬೆಳಕು ಹಾಗೇ ಇತ್ತು. ತಂತಿಯ ತುದಿ ಅವನ ಕೈಯಲ್ಲಿ ತೂಗಾಡುತ್ತಿತ್ತು.

ಕತ್ತಲು. ಹುಳಿತ ಹಾಲಿನ ನಾತ. ಒಳಗೆ ಸೀಡಿ ತಿರುಗುವ ಸದ್ದು. ಅಲ್ಲ. ತೊಟ್ಟಿಲು ಜೀಕುವ ಸದ್ದು. ಎಣಿಕೆ ಇಳಿಯುತ್ತಿತ್ತು.

"ಅಕ್ಕಾ, ತಪ್ಪಾಯ್ತು," ಅತ್ತೆ ಯಂತ್ರದ ಮುಂದೆ ಹಣೆ ಚಚ್ಚಿಕೊಂಡಳು. "ನನ್ನ ನಾಲಗೆ ಕಿತ್ಕೋ ಅಕ್ಕಾ, ನಂದು ಕಿತ್ಕೋ!"

"ಅಮ್ಮ, ಅಜ್ಜಿ ಯಾಕೆ ಅಳ್ತಾಳೆ?" ಎಂದಳು ಪುಟ್ಟಿ. "ಅಪ್ಪ, ದೀಪ ಹಾಕು. ನಂಗೆ ಭಯ. ಅಪ್ಪ, ನಂಗೆ..."

ಸೊನ್ನೆ.

ಟ್ರೇ ತಾನಾಗಿ ಹೊರಗೆ ಜಾರಿತು. ಅದರ ಮೇಲೆ ಸೀಡಿ, ಆಗಷ್ಟೇ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ನೀಲಿ ಬೆಳಕಿನಲ್ಲಿ ಪುಟ್ಟಿಯ ಬಾಯಿ ತೆರೆಯಿತು, ಮುಚ್ಚಿತು. ತೆರೆಯಿತು. ಕತ್ತಿನ ನರ ಉಬ್ಬಿತು. ಮಗು ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡು ಅಪ್ಪನ ಮುಖ ನೋಡಿತು.

ಅಳಿಯ ಸೀಡಿ ಎತ್ತಿ ಮಂಡಿಗೆ ಒತ್ತಿದ. ಅದು ಬಿಲ್ಲಿನಂತೆ ಬಾಗಿತು. ಮಗಳು ಉಸಿರು ಕಟ್ಟಿ ಹಿಂದಕ್ಕೆ ಬಾಗಿದಳು.

"ಬಿಡ್ರೀ! ಮುರೀಬೇಡಿ!" ಹೆಂಡತಿ ಅವನ ಕೈಗೆ ಜೋತುಬಿದ್ದಳು. "ಮಗು ಹೋಗುತ್ತೆ ರೀ!"

ಅವನು ಬೆರಳು ಸಡಿಲಿಸಿದ. ಪುಟ್ಟಿಗೆ ಉಸಿರು ಬಂತು. ಮಾತು ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅತ್ತೆ ಎದ್ದಳು. ಸೀಡಿಯನ್ನು ಅವನ ಕೈಯಿಂದ ಬಿಡಿಸಿಕೊಂಡು, ಸೆರಗಿನಿಂದ ಒರೆಸಿ, ಟ್ರೇಯಲ್ಲಿ ಇಟ್ಟಳು.

"ಓಡಿಸೋದು ಹೇಗೆ, ತೋರಿಸಿ."

ತೋರಿಸಿದ. ಜೋಗುಳ ಹೊರಟಿತು. ಸುಯ್ಗುಡುವ ಗಾಳಿಯಿಲ್ಲ, ಧೂಳಿಲ್ಲ. ಎದೆಹಾಲು ತುಂಬಿದ ಹೆಣ್ಣಿನ ಹರೆಯದ ಕಂಠ, ಕೋಣೆಯ ನಡುವೆ ನಿಂತು ಹಾಡಿದಷ್ಟು ಸ್ವಚ್ಛ. ಅತ್ತೆ ದನಿಯನ್ನು ಪೂರ್ತಿ ಇಳಿಸಿದಳು.

"ಇದು ಎಷ್ಟು ದಿನಕ್ಕೆ ಸವೆಯುತ್ತೆ?"

ಈ ಯಂತ್ರದಲ್ಲಿ ಸೀಡಿಯನ್ನು ಏನೂ ಮುಟ್ಟುವುದಿಲ್ಲ. ಹೆಡ್ಡಿಲ್ಲ, ಉಜ್ಜುವುದಿಲ್ಲ. ಕೂದಲೆಳೆಯಷ್ಟು ಬೆಳಕು ಬಿದ್ದು ಹಾಡನ್ನು ಓದಿಕೊಂಡು ಹೋಗುತ್ತದೆ, ಅಷ್ಟೆ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವಳ ತೋಳಿನಲ್ಲಿ ಪುಟ್ಟಿ ಬಿಕ್ಕುತ್ತಿದ್ದಳು. ಬಿಕ್ಕುವ ಸದ್ದೂ ಇರಲಿಲ್ಲ.

"ಸವೆಯುತ್ತೆ ಅತ್ತೆ," ಎಂದ. "ಓಡಿಸ್ತಾ ಇರಿ."

ಅತ್ತೆ ಮಣೆ ಎಳೆದುಕೊಂಡು ಯಂತ್ರದ ಮುಂದೆ ಕೂತಳು.