ಕಡಲಿಗೆ ಮೂತಿ ತಿರುಗಿಸಿದ ದೋಣಿ

"ಚಪ್ಪಲಿ ಕಾಲಲ್ಲಿ ಹಾಯಿ ಮೇಲೆ ನಿಂತಿದ್ದೀರಲ್ಲ, ಸ್ವಲ್ಪ ಇಳೀತೀರಾ?"

ಅವನು ಬೆಚ್ಚಿ ಹಿಂದೆ ಸರಿದ. ಅವಳ ಹೊಲಿಗೆಮನೆಯ ತುಂಬ ಬಿಳಿ ಹಾಯಿಗಳು ಹರಡಿದ್ದವು. ತನ್ನ ಹರಿದ ಹಾಯಿಯನ್ನು ಹೆಗಲ ಮೇಲೆ ಹೊತ್ತು ಬಂದವನು ನೆಟ್ಟಗೆ ಅವುಗಳ ಮೇಲೆಯೇ ನಿಂತುಬಿಟ್ಟಿದ್ದ.

"ಕಾಲಿಡೋಕೆ ನೆಲ ಎಲ್ಲಿದೆ ಹೇಳಿ..."

ಬೈಯಲು ಬಾಯಿ ತೆರೆದವಳಿಗೆ ನಗು ಬಂತು. ಬೈಯಬೇಕಾದವನ ಮುಂದೆ ನಗು ಬಂದರೆ ಮುಗಿಯಿತು ಬಿಡಿ, ಆಮೇಲೆ ಮನಸ್ಸು ಯಾರ ಮಾತನ್ನೂ ಕೇಳುವುದಿಲ್ಲ.

ಪ್ರವಾಸಿಗರನ್ನು ಕೂರಿಸಿಕೊಂಡು ಬಂದರಿನಿಂದ ಬಂದರಿಗೆ ಹೋಗುವುದು ಅವನ ಕೆಲಸ. ಹಾಯಿ ಸಿದ್ಧವಾಗುವವರೆಗೂ ದಿನಾ ಬಂದ. ಅವಳ ಅಪ್ಪನ ಜೊತೆ ಹರಟೆ ಹೊಡೆದ. ಅಪ್ಪ ಒಂದು ಕಾಲಕ್ಕೆ ಹೆಸರಾಂತ ದೋಣಿಗಾರ. ಮಂಡಿ ಕೈಕೊಟ್ಟ ಮೇಲೆ ಕಿಟಕಿಯಿಂದಲೇ ಕಡಲು ನೋಡುತ್ತಿದ್ದ.

ಒಂದು ಸಂಜೆ ಮೀನುಬುಟ್ಟಿಗಳ ನಡುವೆ ದಾರಿ ಮಾಡಿಕೊಂಡು ಇಬ್ಬರೂ ದೋಣಿ ನಿಲ್ಲುವ ಧಕ್ಕೆಯ ಮೇಲೆ ನಡೆಯುತ್ತಿದ್ದಾಗ ಅವನು ಕೇಳಿದ.

"ಇಷ್ಟೊಂದು ಹಾಯಿ ಹೊಲೀತೀರಿ. ಗಾಳಿ ತುಂಬಿದಾಗ ಕೆಳಗೆ ಕೂತು ನೋಡಿದ್ದೀರಾ?"

"ಇಲ್ಲ."

"ನನ್ನ ಜೊತೆ ಬನ್ನಿ. ಒಂದು ದಿನಕ್ಕಲ್ಲ... ಯಾವಾಗಲೂ."

ಅವಳಿಗೆ ಹ್ಞೂಂ ಅನ್ನಬೇಕೆನಿಸಿತು. ಆದರೂ ಹೇಳಿದಳು, "ಅಪ್ಪನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ."

ಮರುದಿನ ಹಾಯಿ ತೆಗೆದುಕೊಂಡು ಹೋದವನು ಅತ್ತ ತಲೆಯನ್ನೂ ಹಾಕಲಿಲ್ಲ.

ಮೂರನೆಯ ಬೆಳಗ್ಗೆ ತಡೆಯಲಾರದೆ ಧಕ್ಕೆಗೆ ಬಂದಳು. ಅವನ ದೋಣಿಯ ಮೂತಿ ಕಡಲಿನ ಕಡೆ ತಿರುಗಿತ್ತು! ಆ ಬಂದರಿನಲ್ಲಿ ಮೂತಿ ತಿರುಗಿತೆಂದರೆ ದೋಣಿ ಹೊರಟಿತೆಂದೇ ಲೆಕ್ಕ.

'ಒಂದು ಮಾತು ಹೇಳಬಾರದಿತ್ತಾ...' ಅವಳ ಕಣ್ಣು ತುಂಬಿತು.

"ಹೊರಟ್ರಾ?"

"ಹ್ಞೂಂ. ನಿಮ್ಮಪ್ಪನಿಗೋಸ್ಕರ ಕಾಯ್ತಿದ್ದೀನಿ."

"ಅಪ್ಪನಿಗೋಸ್ಕರಾನಾ?"

"ಈ ದೋಣಿ ಮುಂದೆ ಎತ್ತರ, ಆ ಮಂಡೀಲಿ ಹತ್ತೋಕಾಗಲ್ಲ. ಹಿಂದೆ ತಗ್ಗು. ಅದಕ್ಕೇ ಹಿಂಭಾಗ ಧಕ್ಕೆಗೆ ಬರೋ ಹಾಗೆ ತಿರುಗಿಸಿ, ಹಲಗೆ ಹೊಡೆದು, ಹಿಡಿಕೆ ಮಾಡಿದೆ. ಇದನ್ನೆಲ್ಲ ಮಾಡದೆ ಮತ್ತೆ ನಿಮ್ಮ ಮುಂದೆ ಬರೋಕೆ ಮುಖ ಇರಲಿಲ್ಲ."

ಅಷ್ಟರಲ್ಲಿ ಅಪ್ಪ ಕೋಲೂರಿಕೊಂಡು ಬಂದ. ನುಣ್ಣಗೆ ಗಡ್ಡ ಕೆರೆದು, ಇಸ್ತ್ರಿ ಅಂಗಿ ಹಾಕಿದ್ದ. ಹಾಯಿ ಒಯ್ದ ದಿನವೇ ಮಗಳಿಗೆ ಗೊತ್ತಿಲ್ಲದಂತೆ ಇಬ್ಬರ ನಡುವೆ ಮಾತಾಗಿತ್ತು!

"ನಿಧಾನ, ಮಾವ."

"ಅವಳು ಒಪ್ಪೋ ಮೊದಲೇ ಮಾವ ಆಗ್ಬಿಟ್ನೇನಯ್ಯಾ?"

ಅವನ ಕಿವಿ ಕೆಂಪಾಯಿತು. ಅವಳು ತುಟಿ ಕಚ್ಚಿ ನಗು ತಡೆದಳು.

ಅಪ್ಪನ ಹಿಂದೆಯೇ ಅವಳೂ ಹತ್ತಿದಳು. ದೋಣಿ ಬಂದರು ದಾಟಿತು. ಹಾಯಿ ಒಮ್ಮೆ ಪಟಪಟಿಸಿ ಗಾಳಿಗೆ ಉಬ್ಬಿ ನಿಂತಿತು. ಅವಳು ಮೊಣಕಾಲ ಮೇಲಿಟ್ಟು ಹೊಲಿದ ಬಟ್ಟೆ ಈಗ ಅರ್ಧ ಆಕಾಶವನ್ನೇ ಮುಚ್ಚಿ, ಮೂವರನ್ನೂ ಎಳೆದೊಯ್ಯುತ್ತಿತ್ತು. ಕಣ್ಣು ಹಾಯಿಸಿದಷ್ಟೂ ನೀರು... ಹಿಂದೆ ಅವಳು ಹುಟ್ಟಿ ಬೆಳೆದ ಊರು ಬೊಗಸೆಯಷ್ಟಾಗಿತ್ತು. 'ಇಷ್ಟು ದೊಡ್ಡದು ಮನೆ ಬಾಗಿಲಲ್ಲೇ ಇತ್ತಾ?'

ಚುಕ್ಕಾಣಿ ಅಪ್ಪನ ಕೈಯಲ್ಲಿತ್ತು. ಅವನ ಬೆನ್ನು ಅಷ್ಟು ನೆಟ್ಟಗಿದ್ದುದನ್ನು ಅವಳು ನೋಡಿ ಎಷ್ಟೋ ವರ್ಷವಾಗಿತ್ತು. ಅವಳು ಸದ್ದಿಲ್ಲದೆ ಅತ್ತಳು.

ಅವನು ಪಕ್ಕದಲ್ಲಿ ಬಂದು ಕೂತ. "ಭಯ ಆಯ್ತಾ? ಸಂಜೆಗೆ ವಾಪಸ್ ಹೋಗೋಣ್ವಾ?"

"ನನ್ನ ಕೇಳಬೇಡಿ, ಅಪ್ಪನ್ನ ಕೇಳಿ."

ಅಪ್ಪ ಕಡಲಿನಿಂದ ಕಣ್ಣು ತೆಗೆಯಲಿಲ್ಲ. "ವಾಪಸ್ಸಾ? ಮುಂದಿನ ಬಂದರಲ್ಲಿ ನನ್ನ ಹಳೇ ಗೆಳೆಯ ಇದ್ದಾನೆ. ಮದುವೆಗೆ ಕರೀಬೇಕಲ್ಲ."

ಅವಳು ಪಕ್ಕದಲ್ಲಿ ಕೂತವನ ಕೈ ಹಿಡಿದುಕೊಂಡಳು.

"ಹಾಗಾದ್ರೆ ನೀವು..."

"ಹ್ಞೂಂ," ಎಂದಳು ಅವಳು. "ಯಾವಾಗಲೂ."