ಸಮುದ್ರದ ಬಣ್ಣ ಬೇಡ

"ನಿಲ್ಲಿಸು! ಅದರ ಮೇಲಿಂದ ಕೈ ತೆಗಿ!"

ಕಂಪ್ರೆಸರಿನ ಗದ್ದಲದಲ್ಲಿ ರಬಾಬಳ ಕೂಗು ನಿಝಾರನಿಗೆ ಕೇಳಿಸಲೇ ಇಲ್ಲ. ಅವನು ಮೂಗು ಬಾಯಿಗೆ ಮುಖವಾಡ ಕಟ್ಟಿಕೊಂಡು, ಸ್ಪ್ರೇ ಗನ್ನನ್ನು ಒಂದೇ ಹದದಲ್ಲಿ ಎಡದಿಂದ ಬಲಕ್ಕೆ ಆಡಿಸುತ್ತಿದ್ದ. ಅಂಗಳದ ಸುತ್ತ ಹಳೆಯ ಹೊದಿಕೆಗಳನ್ನು ಪರದೆಯಂತೆ ಇಳಿಬಿಟ್ಟಿದ್ದ. ಧೂಳೇಳದಂತೆ ನೆಲಕ್ಕೆ ನೀರು ಚಿಮುಕಿಸಿದ್ದ. ನಡುವೆ ಮೋಟರ್ ಸೈಕಲ್... ಇಂಜಿನ್ನು, ಚಕ್ರ ಎಲ್ಲಕ್ಕೂ ಪತ್ರಿಕೆಯ ಹಾಳೆ ಸುತ್ತಿದ್ದ.

ಅಣ್ಣನ ನೀಲಿ ಮೋಟರ್ ಸೈಕಲ್!

ಆ ನೀಲಿ ಈಗ ಎಲ್ಲೂ ಇರಲಿಲ್ಲ. ಪೆಟ್ರೋಲ್ ಟ್ಯಾಂಕು ಅರ್ಧ ಬೂದಿ ಬಣ್ಣ, ಅರ್ಧ ಹಸಿರು.

ರಬಾಬ್ ಮುನ್ನುಗ್ಗಿದಳು. ಪಕ್ಕದ ನಿಂಬೆ ಗಿಡದ ಕುಂಡದಿಂದ ಒಂದು ಹಿಡಿ ಮಣ್ಣು ತೆಗೆದವಳೇ ಹಸಿ ಬಣ್ಣದ ಮೇಲೆ ಎರಚಿಬಿಟ್ಟಳು.

ನಿಝಾರ್ ಬೆಚ್ಚಿ ತಿರುಗಿದ. ಕಂಪ್ರೆಸರ್ ಆರಿಸಿದ. ಮೂರು ದಿನದ ಕೆಲಸ ಕಣ್ಣೆದುರೇ ಹಾಳಾಗಿತ್ತು. ಅವನು ಮುಖವಾಡ ಕೆಳಗೆ ಸರಿಸಿದ.

"ಯಾರನ್ನ ಕೇಳಿ ಬಳಿದೆ? ನಮ್ಮಣ್ಣ ಕೀಲಿ ಕೊಟ್ಟಿದ್ದು ಓಡಿಸೋಕೆ, ಅವನ ಗುರುತೇ ಅಳಿಸೋಕಲ್ಲ! ನಾಳೆ ಅವನು ಬಂದು ಕೇಳಿದ್ರೆ ನಾನೇನು ಹೇಳ್ಲಿ?"

*ಬಂದು ಕೇಳಿದ್ರೆ...* ಆ ಮಾತಿಗೆ ನಿಝಾರನ ಕಣ್ಣು ನೆಲ ನೋಡಿತು.

"ಬಾಯಿ ಬಿಡು! ದೋಣಿ ಹತ್ತೋಕೂ ಧೈರ್ಯ ಇರಲಿಲ್ಲ, ಮಾತಾಡೋಕೂ ಧೈರ್ಯ ಇಲ್ವಾ?"

"ತಪ್ಪಾಯ್ತು" ಎಂದ ಅವನು ಮೆಲ್ಲಗೆ. "ಥಿನ್ನರ್ ವಾಸನೆ ಜಾಸ್ತಿ ಇದೆ. ನೀವು ಇಲ್ಲಿ ನಿಲ್ಲಬೇಡಿ."

ಮೂರು ವರ್ಷ ಒಂದೇ ಗಲ್ಲಿಯಲ್ಲಿದ್ದೂ ಅವರಿಬ್ಬರು ಆಡಿದ ಮೊದಲ ಮಾತು ಇದು.

ಟ್ರಿಪೋಲಿಯ ಬಂದರುಕೇರಿ ಮೀನಾದಲ್ಲಿ ಆ ದೋಣಿಯ ಕಥೆ ಗೊತ್ತಿಲ್ಲದವರಿಲ್ಲ. ಲೆಬನಾನಿನಲ್ಲಿ ದುಡಿಮೆಯಿಲ್ಲ ಎಂದು ನಾಲ್ಕು ತಿಂಗಳ ಹಿಂದೆ ಇಟಲಿಗೆ ಹೊರಟ ಅರವತ್ತು ಜನರ ದೋಣಿ ನಡುನೀರಿನಲ್ಲಿ ಮುಳುಗಿತ್ತು, ಹನ್ನೊಂದು ಹೆಣಗಳು ದಡಕ್ಕೆ ಬಂದವು. ರಬಾಬಳ ಅಣ್ಣ ಫಿರಾಸ್ ಆ ಹನ್ನೊಂದರಲ್ಲಿ ಇರಲಿಲ್ಲ. ಬದುಕುಳಿದವರಲ್ಲೂ ಇರಲಿಲ್ಲ.

ನಿಝಾರ್ ಅವನ ಜೊತೆ ಹೋಗಬೇಕಿತ್ತು, ಕೊನೆಯ ಗಳಿಗೆಯಲ್ಲಿ ಹಿಂದುಳಿದ. ಗಲ್ಲಿಯವರು ಅವನಿಗೆ ಹೇಡಿ ಎಂದು ಹೆಸರಿಟ್ಟರು. ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ ಅವನ ಗ್ಯಾರೇಜು ಮುಚ್ಚಿತ್ತು. ಅವನೀಗ ಫಿರಾಸನ ಗಾಡಿಯಲ್ಲಿ ಬೇಕರಿಯ ರೊಟ್ಟಿ ಹಂಚುತ್ತಿದ್ದ.

ರಬಾಬ್ ಮಾತ್ರ ಅಣ್ಣನಿಗಾಗಿ ಕಾಯುತ್ತಲೇ ಇದ್ದಳು. ಯಾವುದೋ ಹಡಗು ಎತ್ತಿಕೊಂಡಿರಬಹುದು... ಯಾವುದೋ ಆಸ್ಪತ್ರೆಯಲ್ಲಿ ಹೆಸರು ಮರೆತು ಮಲಗಿರಬಹುದು... ಸಂತಾಪ ಹೇಳಲು ಬರುವವರಿಗಾಗಿ ಮನೆ ಮುಂದೆ ಸಾವಿನ ಕುರ್ಚಿ ಹಾಕಲು ಅವಳು ಬಿಟ್ಟಿರಲಿಲ್ಲ.

ಅಂಗಳದಿಂದ ಅವಳು ಏದುಸಿರು ಬಿಡುತ್ತಾ ಮನೆಯ ಮೆಟ್ಟಿಲು ಹತ್ತಿದಳು. ತಾಯಿ ಸಲ್ಮಾ ಮಸೂರಬೇಳೆ ಆರಿಸುತ್ತಿದ್ದಳು.

"ಅಮ್ಮಾ, ಆ ನಿಝಾರ್ ಅಣ್ಣನ ಗಾಡಿಗೆ ಹಸಿರು ಬಳೀತಿದ್ದಾನೆ!"

"ಗೊತ್ತು. ನಾನೇ ಹೇಳಿದ್ದು."

ರಬಾಬ್ ನಿಂತಲ್ಲೇ ನಿಂತಳು.

"ದಿನಾ ಬೆಳಿಗ್ಗೆ ಗಲ್ಲಿ ಮೂಲೆಯಲ್ಲಿ ಆ ನೀಲಿ ಕಂಡ್ರೆ ನನ್ನ ಕಾಲು ತಾನಾಗೇ ಬಾಲ್ಕನಿಗೆ ಓಡ್ತಿತ್ತು ಕಣೇ" ಎಂದಳು ಸಲ್ಮಾ, ಬೇಳೆಯಿಂದ ಕಣ್ಣೆತ್ತದೆ. "ಫಿರಾಸ್ ಬಂದ ಅಂತ... ಬಾಗಿ ನೋಡಿದ್ರೆ ಬೇರೆ ಮುಖ. ಒಂದಿನ ಆ ಹುಡುಗ ತಲೆ ಎತ್ತಿದ, ನನ್ನ ಮುಖ ನೋಡಿಬಿಟ್ಟ. ಮಾರನೇ ದಿನದಿಂದ ಮೂಲೆಯಲ್ಲೇ ಇಂಜಿನ್ ಆರಿಸಿ, ರೊಟ್ಟಿ ಹೊರೆ ಸಮೇತ ಗಾಡಿ ತಳ್ಳಿಕೊಂಡು ಹೋಗೋಕೆ ಶುರು ಮಾಡಿದ. ನನಗೆ ಸದ್ದು ಕೇಳಿಸಬಾರದು ಅಂತ."

"ಅಮ್ಮಾ..."

"ನಾನೇ ಕರೆದು ಹೇಳಿದೆ. ಮಗಾ, ಬಣ್ಣ ಬದಲಾಯಿಸು. ಯಾವುದಾದ್ರೂ ಸರಿ, ಸಮುದ್ರದ ಬಣ್ಣ ಬೇಡ. ರಬಾಬಳಿಗೆ ನನ್ನ ಹೆಸರು ಹೇಳಬೇಡ, ಅವಳಿನ್ನೂ ಕಾಯ್ತಿದ್ದಾಳೆ."

"ನೀನು... ನೀನು ಕಾಯ್ತಿಲ್ವಾ ಅಮ್ಮಾ?"

ಸಲ್ಮಾ ತಟ್ಟೆ ಪಕ್ಕಕ್ಕಿಟ್ಟಳು.

"ನಾನು ಹೆತ್ತವಳು. ಅವತ್ತೇ ನನಗೆ ಗೊತ್ತಾಯ್ತು. ನಿನಗೋಸ್ಕರ ಸುಮ್ಮನಿದ್ದೆ."

ನಾಲ್ಕು ತಿಂಗಳು ಬಿಗಿಹಿಡಿದಿದ್ದ ಅಳು ಆಗ ಒಡೆಯಿತು. ರಬಾಬ್ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ, ಅಣ್ಣನ ಹೆಸರು ಹಿಡಿದು ಅತ್ತಳು.

ಮಾರನೇ ದಿನ ಸಾಬೂನು ಕಾರ್ಖಾನೆಯ ಕೆಲಸಕ್ಕೆ ರಜೆ ಹಾಕಿ ಅವಳು ಅಂಗಳಕ್ಕೆ ಇಳಿದಳು. ಎರಡು ಗಂಟೆಗೆ ಕರೆಂಟ್ ಬರುವುದಿತ್ತು. ಅಷ್ಟರಲ್ಲಿ ನಿಝಾರ್ ಮಣ್ಣು ಹತ್ತಿದ ಬಣ್ಣವನ್ನೆಲ್ಲ ನೀರು ಹಾಕಿ ಉಜ್ಜಿ ತೆಗೆಯುತ್ತಿದ್ದ.

ಅವಳು ಒಂದು ತುಂಡು ಎಮರಿ ಪೇಪರ್ ತೆಗೆದುಕೊಂಡು ಟ್ಯಾಂಕಿನ ಇನ್ನೊಂದು ಬದಿ ಕೂತಳು.

"ಅಮ್ಮ ಎಲ್ಲ ಹೇಳಿದ್ರು" ಎಂದಳು. "ನಿನ್ನೆ ಯಾಕೆ ಬಾಯಿ ಬಿಡಲಿಲ್ಲ?"

"ಮಾತು ಕೊಟ್ಟಿದ್ದೆ."

"ನಾನೂ ನಿನ್ನನ್ನ ಹೇಡಿ ಅಂದೆ..."

"ಎಲ್ರೂ ಅಂತಾರೆ." ಅವನು ನಗಲು ನೋಡಿದ, ಆಗಲಿಲ್ಲ. "ಅಷ್ಟು ಒತ್ತಿ ಉಜ್ಜಬೇಡಿ, ತಗಡು ಬಂದುಬಿಡುತ್ತೆ."

ಅವಳು ಕೈ ಹಗುರ ಮಾಡಿ ಉಜ್ಜತೊಡಗಿದಳು.

"ಒಂದು ಕೇಳ್ತೀನಿ, ನಿಜ ಹೇಳು. ಅವತ್ತು ಯಾಕೆ ಹೋಗಲಿಲ್ಲ?"

ಅವನ ಕೈ ನಿಂತಿತು.

"ಬೇಡ ರಬಾಬ್. ಕೇಳಿದ್ರೆ ನೀವು ನನ್ನನ್ನ ದ್ವೇಷಿಸ್ತೀರಿ."

"ಹೇಳು!"

"ನಿಮ್ಮಿಂದ." ಅವನು ಎಮರಿ ಪೇಪರ್ ಕೆಳಗಿಟ್ಟ. "ಬ್ಯಾಗ್ ಹೆಗಲಿಗೆ ಹಾಕಿದ್ದೆ. ನಿಮ್ಮ ಬಾಲ್ಕನಿಯಲ್ಲಿ ನೀವು ಬಟ್ಟೆ ಹರವ್ತಿದ್ರಿ. ಕಾಲು ಏಳಲಿಲ್ಲ. ಫಿರಾಸನಿಗೆ ಹೇಳಿಬಿಟ್ಟೆ. ಹೊಡೀತಾನೆ ಅಂದ್ಕೊಂಡೆ... ಅವನು ನಕ್ಕ. 'ಕತ್ತೆ, ಮೊದಲೇ ಹೇಳೋಕೆ ಏನಾಗಿತ್ತು? ಇಲ್ಲೇ ಇರು, ಅಮ್ಮನ್ನ, ರಬಾಬಳನ್ನ ನೋಡ್ಕೋ' ಅಂತ ಕೀಲಿ ಕೈಗಿಟ್ಟು ಹೋದ. ನೀನೂ ಹೋಗಬೇಡ ಅಂತ ಅವನಿಗೆ ನಾನು ಹೇಳಲಿಲ್ಲ... ನನ್ನ ಸಂತೋಷದಲ್ಲಿ ನನಗದು ಹೊಳೀಲೇ ಇಲ್ಲ!"

ರಬಾಬ್ ಎದ್ದು ಬಾಗಿಲವರೆಗೂ ಹೋದಳು. ಅವಳ ಕೈಯಿಂದ ಹಸಿರು ನೀರು ತೊಟ್ಟಿಕ್ಕುತ್ತಿತ್ತು. ಹೋಗೇಬಿಡುತ್ತಾಳೆ ಎಂದುಕೊಂಡ ನಿಝಾರ್.

ಅವಳು ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಬೆನ್ನು ಹಾಕಿಕೊಂಡೇ ಹೇಳಿದಳು:

"ನನ್ನಣ್ಣ ಹೋದ. ನೀನು ಉಳಿದೆ. ನೀನು ಉಳಿದಿದ್ದಕ್ಕೆ ನನಗೆ... ನನಗೆ ಸಮಾಧಾನ ಆಗ್ತಿದೆ ನಿಝಾರ್. ಅವನು ನೀರಲ್ಲಿರುವಾಗ! ನಾನೆಂಥವಳು ಹೇಳು!"

"ನನ್ನಂಥವಳೇ" ಎಂದ ಅವನು.

ಆಗ ಕರೆಂಟ್ ಬಂತು, ಕಂಪ್ರೆಸರ್ ತಾನಾಗೇ ಗುಡುಗಿತು. ಇಬ್ಬರೂ ಬೆಚ್ಚಿಬಿದ್ದರು. ಅವನು ತನ್ನ ಮುಖವಾಡ ಬಿಚ್ಚಿ ಅವಳಿಗೆ ಕೊಟ್ಟು, ತಾನು ಒದ್ದೆ ಬಟ್ಟೆ ಕಟ್ಟಿಕೊಂಡ. ಅವಳು ಬಾಗಿಲಲ್ಲೇ ಕೂತು ನೋಡಿದಳು. ಒಂದು ತೆಳು ಪದರ, ಒಣಗಲು ಬಿಡುವುದು, ಮತ್ತೊಂದು ಪದರ. ಕರೆಂಟ್ ಹೋಗುವ ಹೊತ್ತಿಗೆ ಗಾಡಿ ಪೂರ್ತಿ ಆಲಿವ್ ಎಲೆಯ ಹಸಿರಾಗಿತ್ತು.

ಆ ವಾರವೇ ರಬಾಬ್ ತಾನೇ ನಿಂತು ಮನೆ ಮುಂದೆ ಕುರ್ಚಿ ಹಾಕಿಸಿದಳು. ಹೆಣವಿಲ್ಲದ ಸಾವಿಗೆ ಮೂರು ದಿನ ಕುರಾನ್ ಪಠಣ ನಡೆಯಿತು. ತನ್ನನ್ನು ಹೇಡಿ ಎಂದವರ ಕೈಗೂ ಸಾವಿನ ಮನೆಯ ಕಹಿ ಕಾಫಿಯ ಲೋಟ ಕೊಟ್ಟವನು ನಿಝಾರನೇ.

ಮೂರನೇ ದಿನ ಸಂಜೆ ಬಂದವರೆಲ್ಲ ಹೋದ ಮೇಲೆ ಅವನು ಕುರ್ಚಿ ಮಡಚುತ್ತಿದ್ದ. ರಬಾಬ್ ಹತ್ತಿರ ಬಂದಳು. ಅತ್ತೂ ಅತ್ತೂ ಅವಳ ಕಣ್ಣು ಊದಿತ್ತು.

"ಶೋಕದ ನಲವತ್ತು ದಿನ ಕಳೀಲಿ" ಎಂದ ಅವನು ತಲೆ ತಗ್ಗಿಸಿ. "ಆಮೇಲೆ ಹೆಣ್ಣು ಕೇಳೋಕೆ ನಿಮ್ಮಮ್ಮನ ಹತ್ರ ಚಿಕ್ಕಮ್ಮನ್ನ ಕಳಿಸ್ತೀನಿ. ನನಗೆ ಇರೋದು ಅವಳೊಬ್ಬಳೇ. ಅವಳಿಗೋ ಕಿವಿ ಕೇಳಿಸಲ್ಲ."

"ಒಳ್ಳೇದೇ ಆಯ್ತು. ಅಮ್ಮ ಬೇಡ ಅಂದ್ರೂ ಕೇಳಿಸಲ್ಲ."

ಅಷ್ಟು ಹೇಳಿ ಅವಳು ಗಂಭೀರಳಾದಳು.

"ನಿಝಾರ್... ನೀನು ಯಾವತ್ತೂ ದೋಣಿ ಹತ್ತಲ್ಲ ತಾನೆ?"

"ಹತ್ತಲ್ಲ."

"ಇಲ್ಲಿ ಉಪವಾಸ ಬಿದ್ರೂ?"

"ರೊಟ್ಟಿ ಹಂಚೋನು ಉಪವಾಸ ಬೀಳ್ತಾನಾ? ಸೀದುಹೋದದ್ದಾದ್ರೂ ಸಿಗುತ್ತೆ... ನೀನು ತಿಂತೀಯಾ?"

ಅವನು ಮೊದಲ ಬಾರಿಗೆ ಅವಳನ್ನು 'ನೀನು' ಎಂದಿದ್ದ. ರಬಾಬ್ ನಕ್ಕಳು, ನಗುತ್ತಲೇ ಅಳು ನುಗ್ಗಿತು. ತಲೆಗವುಸಿನ ಅಂಚಿನಿಂದ ಕಣ್ಣೊರೆಸಿಕೊಂಡು, ಅವನ ಕೈಯಲ್ಲಿದ್ದ ಕುರ್ಚಿಯ ಇನ್ನೊಂದು ತುದಿ ಹಿಡಿದಳು.

"ತಿಂತೀನಿ" ಎಂದಳು.